ನೆಟ್ಟರು, ಹೊತ್ತರು, ಬಿದ್ದರು: ನಿಯಮ ತಪ್ಪಿದ ಕ್ರಿಯಾಪದಗಳೇ?

ಇಂಗ್ಲಿಷಿನ ‘ಗೋ’ ಭೂತಕಾಲದಲ್ಲಿ ‘ವೆಂಟ್’ ಆಗುವುದನ್ನು ಬಾಯಿಪಾಠ ಮಾಡಿ ಬೇಸತ್ತ ಮಕ್ಕಳಿಗೆ, ಕನ್ನಡದಲ್ಲಿ ಇಂಥ ಗೋಜಲಿಲ್ಲ ಎಂದು ಸಮಾಧಾನ ಹೇಳುವುದುಂಟು. ಅದು ನಿಜವಲ್ಲ. ಮೂಡಿಗೆರೆ, ಕಳಸದ ಕಾಫಿ ತೋಟದ ಮಾತನ್ನೇ ಕೇಳಿ: ಸಸಿ ನೆಟ್ಟರು, ಕಳೆ ಕಿತ್ತರು, ಮೂಟೆ ಹೊತ್ತರು, ಹೂಮಳೆ ಬಿತ್ತು. ‘ಓಡು–ಓಡಿದ’ ಎಂಬ ಸೀದಾ ದಾರಿ ಹಿಡಿದಿದ್ದರೆ ಇವು ನೆಡಿದರು, ಹೊರಿದರು ಎಂದಾಗಬೇಕಿತ್ತು. ಅದೇ ತೋಟಕ್ಕೆ ಈಚೆಗೆ ಬಂದ ಕೆಲಸಗಳು ಮಾತ್ರ ಸ್ಪ್ರೇ ಮಾಡಿದರು, ಪಲ್ಪಿಂಗ್ ಮಾಡಿದರು ಎಂದು ನಿಯಮಕ್ಕೆ ತಲೆಬಾಗಿವೆ.

ಹಾಗಾದರೆ ಹಳೆಯ ರೂಪಗಳು ಆಡುವವರ ಅಸಡ್ಡೆಯಿಂದ ಕೆಟ್ಟವೇ? ಅನೇಕರು ಹಾಗೇ ನಂಬಿದ್ದಾರೆ. ಆದರೆ ಹಳಗನ್ನಡದಲ್ಲಿ ‘ಗೆಲ್’ಗೆ ಗೆಲ್ದಂ, ‘ಇರ್’ಗೆ ಇರ್ದಂ, ಧಾತುವಿಗೆ ದಕಾರ ಸೇರಿದ್ದು ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಮುಂದೆ ರಕಾರ ಪಕ್ಕದ ವ್ಯಂಜನದಲ್ಲಿ ಕರಗಿ, ಇರ್ಪತ್ತು ಇಪ್ಪತ್ತಾದ ಹಾಗೆಯೇ ಇರ್ದ ಎಂಬುದು ಇದ್ದ ಎಂದಾಯಿತು. ಗೆಲ್ದ ಗೆದ್ದ ಆಯಿತು. ಉಚ್ಚಾರಣೆ ತನ್ನ ನಿಯಮವನ್ನು ಪಾಲಿಸಿದ್ದರಿಂದಲೇ ವ್ಯಾಕರಣದ ನಿಯಮ ಮರೆಯಾಯಿತು. ಬರಹದ ‘ಬಂದಿತು’ವಿನ ಪಕ್ಕದಲ್ಲಿ ಬಾಳುತ್ತಿರುವ ‘ಬಂತು’ವನ್ನು ಅಶುದ್ಧವೆಂದು ತಿದ್ದುವವರು ಇದನ್ನು ಗಮನಿಸಬೇಕು.

ಅಡ್ಡದಾರಿಯ ರೂಪಗಳು ಇಷ್ಟು ಕಾಲ ಉಳಿದದ್ದಾದರೂ ಹೇಗೆ? ಬಳಕೆಯಿಂದ. ಚಿಕ್ಕಮಗಳೂರಿಗೆ ಹತ್ತಿರದ, ಬೇಲೂರು ತಾಲ್ಲೂಕಿನ ಹಲ್ಮಿಡಿಯ ಶಾಸನ ಸುಮಾರು 450ರದ್ದೆಂದು ವಿದ್ವಾಂಸರಲ್ಲಿ ಹಲವರ ಮತ. ಅದರಲ್ಲಿ ‘ಕೊಟ್ಟಾರ್’ ಇದೆ. ನಾವು ಇಂದಿಗೂ ‘ಕೊಡಿದರು’ ಎನ್ನುವುದಿಲ್ಲ. ದಿನಕ್ಕೆ ಹತ್ತು ಸಲ ಕೇಳುವ ಮಾತನ್ನು ಮಗು ನಿಯಮದಿಂದ ಕಟ್ಟಿಕೊಳ್ಳಬೇಕಿಲ್ಲ, ಕೇಳಿದ ಹಾಗೇ ಹಿಡಿದಿಟ್ಟುಕೊಳ್ಳುತ್ತದೆ. 2007ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ಹಳೆಯ ಇಂಗ್ಲಿಷಿನ 177 ಅನಿಯಮಿತ ಕ್ರಿಯಾಪದಗಳ ಜಾಡು ಹಿಡಿದಾಗ, ಇಂದಿಗೂ ಹಾಗೇ ಉಳಿದಿದ್ದವು 98. ನೂರು ಪಟ್ಟು ವಿರಳವಾಗಿ ಬಳಸುವ ಪದ ಹತ್ತು ಪಟ್ಟು ಬೇಗ ನಿಯಮಕ್ಕೆ ಒಳಗಾಗುತ್ತದೆ ಎಂಬುದು ಅದರ ಲೆಕ್ಕ.

ಹೀಗೇ ಸವೆದರೆ ಕೊನೆಗೆ ಒಂದೂ ಉಳಿಯದು ಎಂಬ ಆಕ್ಷೇಪ ಸಹಜ. ಆದರೆ ಹರಿವು ಒಂದೇ ದಿಕ್ಕಿನದಲ್ಲ. ಫ್ರೆಂಚಿನಿಂದ ಬಂದ ‘ಕ್ಯಾಚ್’ ಇಂಗ್ಲಿಷಿನಲ್ಲಿ ‘ಕಾಟ್’ ಆಯಿತು. ಹಿಂದೆ ‘ಡಿಗ್ಡ್’ ಎನ್ನುತ್ತಿದ್ದವರು ‘ಡಗ್’ ಎನ್ನತೊಡಗಿದರು. ಬಿ, ಹ್ಯಾವ್, ಡು, ಗೋ, ಸೇ ಮೊದಲಾಗಿ ಇಂಗ್ಲಿಷಿನಲ್ಲಿ ಅತಿ ಹೆಚ್ಚು ಬಳಕೆಯ ಹತ್ತು ಕ್ರಿಯಾಪದಗಳೂ ಅನಿಯಮಿತವೇ. ಮೇಷ್ಟ್ರುಗಳಲ್ಲಿ ಒಂದು ಕೋರಿಕೆ: ಆ ಪಟ್ಟಿಯನ್ನು ಕಲಿಸುವ ಮುನ್ನ ಮಕ್ಕಳ ಬಾಯಲ್ಲೇ ಇರುವ ಬಂದ, ತಿಂದ, ಬಿದ್ದ, ಎದ್ದಗಳನ್ನು ಹಲಗೆಯ ಮೇಲೆ ಬರೆದು ತೋರಿಸಿ.