ಹರಳೆಣ್ಣೆ ವಾಸನೆಯ ಒಂದು ನಿಮಿಷ

ಸ್ಪೀಡ್‌ವೇ ಬೈಕಿಗೆ ಬ್ರೇಕ್ ಇರುವುದಿಲ್ಲ. ಈ ಮಾತು ಕೇಳಿದವರೆಲ್ಲ ‘ಮತ್ತೆ ನಿಲ್ಲಿಸುವುದು ಹೇಗೆ?’ ಎನ್ನುತ್ತಾರೆ. ನಾನೂ ಅಂದಿದ್ದೆ. ಕೆಲಸಕ್ಕೆಂದು ಮ್ಯಾಂಚೆಸ್ಟರಿಗೆ ಹೋದ ಹೊಸತು. ‘ಮೊದಲು ಓಡುವುದನ್ನು ನೋಡು, ನಿಲ್ಲುವುದು ಆಮೇಲೆ’ ಎಂದು ಸಹೋದ್ಯೋಗಿಯೊಬ್ಬ ಒಂದು ಸೋಮವಾರ ಸಂಜೆ ನಾಯಿ ಓಟದ ಮೈದಾನವೊಂದಕ್ಕೆ ಎಳೆದುಕೊಂಡು ಹೋದ. ಬೆಲ್ ವ್ಯೂ ಏಸಸ್ ತಂಡದ ಆಗಿನ ನೆಲೆ ಅದು. ಅಭಿಮಾನಿಗಳ ಬಾಯಲ್ಲಿ ಅದರ ಹೆಸರು ‘ಕರ್ಕಿ ಲೇನ್’. ಹೊನ್ನಾವರದ ಕಡೆಯವನಾದ ನನಗೆ ಊರ ಪಕ್ಕದ ಕರ್ಕಿಯೇ ಇಲ್ಲಿಗೆ ಬಂದು ಕೂತಂತೆ ಅನ್ನಿಸಿತ್ತು.

ನಾಲ್ಕು ಬೈಕುಗಳು ಕಿವಿ ಹರಿಯುವಂತೆ ಕಿರುಚುತ್ತ ಮುಂದೆ ಹಾದುಹೋದವು. ಹಿಂದೆಯೇ ಒಂದು ವಾಸನೆ ಬಂತು, ಸುಟ್ಟ ಹರಳೆಣ್ಣೆಯದು. ಅಜ್ಜಿ ಮಕ್ಕಳ ನೆತ್ತಿಗೆ ತಟ್ಟುತ್ತಿದ್ದ ಅದೇ ಎಣ್ಣೆ! ಈ ಇಂಜಿನ್ನು ಓಡುವುದು ಮೆಥನಾಲಿನಿಂದ. ಅದರ ಬಿಸಿಯನ್ನು ತಡೆದುಕೊಳ್ಳಲು ಹರಳೆಣ್ಣೆಯಂಥ ಜಿಡ್ಡು ಬೇಕು. ಕ್ಯಾಸ್ಟ್ರಾಲ್ ಎಂಬ ಹೆಸರು ಹುಟ್ಟಿದ್ದೂ ಹರಳಿನ ಇಂಗ್ಲಿಷ್ ಹೆಸರಾದ ಕ್ಯಾಸ್ಟರಿನಿಂದಲೇ. ಟಿವಿಯಲ್ಲಿ ಸ್ಪೀಡ್‌ವೇ ನೋಡಿ ‘ಇದರಲ್ಲೇನಿದೆ, ಸುಮ್ಮನೆ ಸುತ್ತುತ್ತಾರೆ’ ಎನ್ನುವವರ ಜೊತೆ ನಾನು ವಾದಕ್ಕಿಳಿಯುವುದಿಲ್ಲ. ಅವರ ಮೂಗಿಗೆ ಆ ವಾಸನೆ ತಾಗಿಲ್ಲ, ಅಷ್ಟೆ.

ಆಟ ಸರಳ. ನಾಲ್ವರು ಸವಾರರು, ನಾಲ್ಕು ಸುತ್ತು, ತಿರುವೆಲ್ಲ ಎಡಕ್ಕೇ. 500 ಸಿಸಿಯ ಒಂಟಿ ಸಿಲಿಂಡರ್, ಒಂದೇ ಗೇರು, ಕನಿಷ್ಠ 77 ಕಿಲೋ ತೂಕ. ಎಲ್ಲ ಮುಗಿಯಲು ಒಂದು ನಿಮಿಷ ಸಾಕು. ಬೆರಗು ಇರುವುದು ತಿರುವಿನಲ್ಲಿ. ಎಡಕ್ಕೆ ಹೋಗಬೇಕಾದ ಸವಾರ ಹ್ಯಾಂಡಲ್ಲನ್ನು ಬಲಕ್ಕೆ ತಿರುಗಿಸಿರುತ್ತಾನೆ! ಹಿಂದಿನ ಚಕ್ರವನ್ನು ಬೇಕೆಂದೇ ಜಾರಿಸಿ, ಬೈಕನ್ನು ಓರೆಯಾಗಿ ಮಲಗಿಸಿ, ಉಕ್ಕಿನ ಅಟ್ಟೆ ಕಟ್ಟಿದ ಎಡಗಾಲನ್ನು ನೆಲಕ್ಕೆ ಉಜ್ಜುತ್ತ ಹೋಗುತ್ತಾನೆ. ಜಾರದಂತೆ ಎಚ್ಚರ ವಹಿಸುವುದು ಬೇರೆ ಬೈಕುಗಳ ಪಾಡು. ಇಲ್ಲಿ ಜಾರದವನು ತಿರುಗಲಾರ. ಹೆದರಿ ಆಕ್ಸಿಲರೇಟರ್ ಬಿಟ್ಟರೆ ಚಕ್ರ ಥಟ್ಟನೆ ನೆಲ ಹಿಡಿದು ಸವಾರನನ್ನು ನೆಟ್ಟಗೆ ಬೇಲಿಗೆ ಒಯ್ದೀತು. ಬ್ರೇಕ್ ಏಕಿಲ್ಲ ಎಂಬುದು ನನಗೆ ಅರ್ಥವಾದದ್ದು ಆಗ: ಅಷ್ಟು ಹತ್ತಿರದಲ್ಲಿ ಮುಂದಿನವನು ಫಕ್ಕನೆ ಬ್ರೇಕ್ ಒತ್ತಿದರೆ ಹಿಂದಿನವನ ಗತಿ?

ಓಟಕ್ಕೆ ಮುಂಚಿನ ಎರಡು ನಿಮಿಷವೂ ನನಗೆ ಅಷ್ಟೇ ಇಷ್ಟ. ಸವಾರರು ಗೇಟಿನ ಬಳಿ ಕೋಳಿ ಕೆದಕಿದಂತೆ ಬೂಟಿನಿಂದ ಮಣ್ಣು ಕೆದಕುತ್ತಾರೆ, ಹಿಂದಿನ ಚಕ್ರಕ್ಕೆ ಹಿಡಿತ ಸಿಗುವ ಜಾಗಕ್ಕಾಗಿ. ಇದಕ್ಕೆ ಅಲ್ಲಿಯವರು ‘ಗಾರ್ಡನಿಂಗ್’ ಅನ್ನುತ್ತಾರೆ. ಎರಡು ನಿಮಿಷ ಮೀರಿದರೆ ಆ ಓಟದಿಂದಲೇ ಹೊರಗೆ. ಗೇಟಿಗೆ ಅಡ್ಡ ಕಟ್ಟಿದ ಟೇಪು ಮೇಲಕ್ಕೆ ಹಾರುತ್ತಲೇ ಕ್ಲಚ್ ಬಿಟ್ಟವನು ಮೊದಲ ತಿರುವಿಗೆ ಮೊದಲು ತಲುಪಿದರೆ ಅರ್ಧ ಗೆದ್ದಂತೆ.

ಗೆದ್ದವನಿಗೆ 3 ಅಂಕ, ನಂತರದವರಿಗೆ 2 ಮತ್ತು 1, ಕೊನೆಯವನಿಗೆ ಸೊನ್ನೆ. ಲೀಗ್ ಪಂದ್ಯವೊಂದರಲ್ಲಿ ಇಂಥ 15 ಓಟ, ಅಂದರೆ ಹೀಟ್; ಒಟ್ಟು 90 ಅಂಕ. 45 ದಾಟಿದ ತಂಡ ಗೆದ್ದಿತು. ಪ್ರತಿ ಹೀಟ್ ಮುಗಿದ ಕೂಡಲೇ ಜನ ಪೆನ್ಸಿಲ್ ತೆಗೆದು ಕಾರ್ಯಕ್ರಮದ ಪುಸ್ತಿಕೆಯ ಚೌಕಗಳನ್ನು ತುಂಬುತ್ತಾರೆ. ನನಗೆ ಆ ಲೆಕ್ಕ ಕಲಿಸಿದ್ದು ಪಕ್ಕದಲ್ಲಿ ಕೂರುತ್ತಿದ್ದ ಒಬ್ಬ ಮುದುಕಿ. ಹುಡುಗಿಯಾಗಿದ್ದಾಗ ಪೀಟರ್ ಕ್ರೇವನ್‌ನನ್ನು ನೋಡಿದವಳು. ಬೆಲ್ ವ್ಯೂ ತಂಡದ ಆ ಪುಟ್ಟ ದೇಹದ ಸವಾರ 1955 ಮತ್ತು 1962ರಲ್ಲಿ ವಿಶ್ವ ಚಾಂಪಿಯನ್. 1963ರಲ್ಲಿ ಎಡಿನ್‌ಬರೋದಲ್ಲಿ, ಮುಂದೆ ಬಿದ್ದ ಸವಾರನನ್ನು ತಪ್ಪಿಸಲು ಹೋಗಿ ಬೇಲಿಗೆ ಬಡಿದ. ಕೆಲ ದಿನಗಳಲ್ಲಿ ತೀರಿಕೊಂಡ. ಅವನ ಮಾತು ಬಂದಾಗಲೆಲ್ಲ ಆಕೆ ಪೆನ್ಸಿಲ್ ಕೆಳಗಿಡುತ್ತಿದ್ದಳು.

ಈ ಆಟದ ಹುಟ್ಟಿನ ಕಥೆಯನ್ನು ಉದ್ದ ಮಾಡುವುದಿಲ್ಲ. ಆಸ್ಟ್ರೇಲಿಯಾದ ವೆಸ್ಟ್ ಮೈಟ್‌ಲ್ಯಾಂಡಿನಲ್ಲಿ 1923ರಲ್ಲಿ ಜಾನಿ ಹಾಸ್ಕಿನ್ಸ್ ನಡೆಸಿದ ಓಟಗಳಿಂದ ಇದು ಶುರುವಾಯಿತು ಅನ್ನುತ್ತಾರೆ. ಅಲ್ಲ ಎನ್ನುವವರೂ ಇದ್ದಾರೆ. 1928ರ ಫೆಬ್ರುವರಿ 19ರಂದು ಲಂಡನ್ ಬಳಿಯ ಹೈ ಬೀಚ್‌ನಲ್ಲಿ ನಡೆದ ಓಟಕ್ಕೆ ನಿರೀಕ್ಷೆ ಮೀರಿ ಸಾವಿರಾರು ಜನ ನುಗ್ಗಿದರು. ಬ್ರಿಟನ್ನಿಗೆ ಹುಚ್ಚು ಹಿಡಿಯಿತು.

ಈಗ ಆ ಹುಚ್ಚು ಪೋಲೆಂಡಿನದು. ಲೆಶ್ನೊ, ಗೊಜೂಫ್‌ನಂಥ ಊರುಗಳಲ್ಲಿ ಫುಟ್‌ಬಾಲಿಗಿಂತ ಇದೇ ದೊಡ್ಡದು. ಈ ಕಾಲದ ದೊರೆ ಬಾರ್ತೋಷ್ ಜ್ಮಾರ್ಜ್ಲಿಕ್ ಅಲ್ಲಿಯವನೇ. 2023ರಲ್ಲಿ ವಿಶ್ವ ಚಾಂಪಿಯನ್‌ಷಿಪ್ಪಿನ ಡೆನ್ಮಾರ್ಕ್ ಸುತ್ತಿನಲ್ಲಿ ಒಪ್ಪಿಗೆಯಿಲ್ಲದ ದಿರಿಸು ತೊಟ್ಟನೆಂದು ಅವನನ್ನು ಹೊರಗಿಟ್ಟರು. ಮುಂದಿನ ಸುತ್ತಿನಲ್ಲಿ, ತೊರೂನ್‌ನಲ್ಲಿ, ಅವನು ಪ್ರಶಸ್ತಿಯನ್ನೇ ಹೊತ್ತೊಯ್ದ.

ಆದರೂ ನನ್ನದೊಂದು ತಕರಾರಿದೆ. 1995ರಿಂದ ವಿಶ್ವ ಪ್ರಶಸ್ತಿಯನ್ನು ವರ್ಷವಿಡೀ ಹಲವು ಸುತ್ತುಗಳ ಗ್ರಾಂಪ್ರಿ ನಡೆಸಿ ಕೊಡುತ್ತಾರೆ. ಅದಕ್ಕೂ ಮುಂಚೆ ಸಾಮಾನ್ಯವಾಗಿ ಒಂದೇ ದಿನದ ಫೈನಲ್ಲಿನಲ್ಲಿ ತೀರ್ಮಾನ. 1971ರ ಫೈನಲ್ಲಿನಲ್ಲಿ ಒಂದಂಕವನ್ನೂ ಗಳಿಸದ ಪೋಲೆಂಡಿನ ಯೆಜಿ ಶ್ಚಾಕೆಲ್, 1973ರಲ್ಲಿ ಹೋಜೂಫ್‌ನ ಲಕ್ಷ ಜನರ ಮುಂದೆ ಇವಾನ್ ಮೇಜರ್‌ನ ಸಮಕ್ಕೆ ನಿಂತ. ನ್ಯೂಜಿಲೆಂಡಿನ ಮೇಜರ್ ಅಂದರೆ ಒಟ್ಟು ಆರು ಸಲ ಚಾಂಪಿಯನ್ ಆದವನು. ಇಬ್ಬರ ನಡುವೆ ಒಂದು ಹೆಚ್ಚುವರಿ ಓಟವಾಯಿತು. ಮೇಜರ್ ಬಿದ್ದ, ಶ್ಚಾಕೆಲ್ ಚಾಂಪಿಯನ್! ಹೊಸ ಪದ್ಧತಿಯೇ ನ್ಯಾಯವಾದದ್ದು, ಒಪ್ಪುತ್ತೇನೆ. ಆದರೆ ಅದರಲ್ಲಿ ಇನ್ನೊಬ್ಬ ಶ್ಚಾಕೆಲ್ ಹುಟ್ಟಲಾರ.

ಬ್ರಿಟನ್ನಿನಲ್ಲಿ ಈ ಆಟವನ್ನು ಸೊರಗಿಸುತ್ತಿರುವುದು ನೆಲದ ಬೆಲೆ. ಬಹುಪಾಲು ತಂಡಗಳು ಬಾಡಿಗೆ ಮೈದಾನದವು. ಒಡೆಯ ಜಾಗ ಮಾರಿದರೆ ತಂಡವೇ ಇಲ್ಲ. ಕಾವೆಂಟ್ರಿಯ ಬ್ರಾಂಡನ್ ಮೈದಾನ 1928ರಿಂದ ಈ ಸದ್ದು ಕೇಳಿತ್ತು. 2016ರ ನಂತರ ಅಲ್ಲಿ ಓಟವಿಲ್ಲ. ಬೆಲ್ ವ್ಯೂಗೆ ಅದೃಷ್ಟವಿತ್ತು; ಕರ್ಕಿ ಲೇನ್ ಬಿಟ್ಟು 2016ರಲ್ಲಿ ಸ್ಪೀಡ್‌ವೇಗೆಂದೇ ಕಟ್ಟಿದ ಹೊಸ ಕ್ರೀಡಾಂಗಣಕ್ಕೆ ಹೋಯಿತು. ಅಲ್ಲೂ ಮೊದಲ ತಿರುವಿನ ಬಳಿ ನಿಂತರೆ ಮಣ್ಣಿನ ಅಭಿಷೇಕ ಖಂಡಿತ.

ಉಳಿದ ವೈರಿ ಮಳೆ. ನೆಲ ರಾಡಿಯಾದರೆ ಪಂದ್ಯವಿಲ್ಲ. ಊರು ಮ್ಯಾಂಚೆಸ್ಟರ್ ಬೇರೆ! ಹೊನ್ನಾವರದಲ್ಲಿ ಹುಟ್ಟಿ, ಶಾಲೆಗೆ ರಜೆ ಸಿಗಲೆಂದು ಮಳೆಯನ್ನು ಬೇಡಿಕೊಂಡು ಬೆಳೆದವನು ನಾನು. ಸೋಮವಾರ ಮಧ್ಯಾಹ್ನ ಕಚೇರಿಯ ಕಿಟಕಿಗೆ ಮೊದಲ ಹನಿ ಬಿದ್ದರೆ, ಈಗ ಅದೇ ಮಳೆಯನ್ನು ಕನ್ನಡದಲ್ಲೇ ಬೈಯುತ್ತೇನೆ.