ಕೃತಕ ರಕ್ತನಾಳ ಮತ್ತು ಕತ್ತರಿಸುವ ಕಿಣ್ವಗಳು

ಗೊದಮೊಟ್ಟೆ ಕಪ್ಪೆಯಾಗುವಾಗ ಅದರ ಬಾಲ ಕರಗಿಹೋಗುವುದನ್ನು ನಾವು ಕಂಡಿದ್ದೇವೆ. ಆ ಬಾಲದಲ್ಲಿ ಕೊಲಾಜೆನ್ ನಾರುಗಳನ್ನು ಕತ್ತರಿಸುವ ಕಿಣ್ವವೊಂದು ಇದೆಯೆಂದು 1962ರಲ್ಲಿ ಗ್ರಾಸ್ ಮತ್ತು ಲಾಪಿಯೇರ್ ತೋರಿಸಿಕೊಟ್ಟರು. ಅದೇ ವರ್ಗದ ಕಿಣ್ವಗಳು ನಮ್ಮ ದೇಹದಲ್ಲಿಯೂ ಉಂಟು.

ಕಾಲಿನ ಧಮನಿ ಮುಚ್ಚಿಹೋದಾಗ ವೈದ್ಯರು ಡೆಕ್ರಾನ್ ನೂಲಿನ ನಾಳವೊಂದನ್ನು ಬದಲುದಾರಿಯಾಗಿ ಹೊಲಿಯುವುದುಂಟು. ಅದು ದೇಹದೊಡನೆ ಬೆಸೆದುಕೊಳ್ಳಬೇಕಾದರೆ ಹೊಲಿಗೆಯಂಚಿನ ಜೀವಕೋಶಗಳು ಅದರ ಮೇಲೆ ಹರಡಬೇಕು. ನಾರುಗಳ ಬೇಲಿಯನ್ನು ಕಡಿದು ಅವುಗಳಿಗೆ ದಾರಿಮಾಡಿಕೊಡುವುವು ಈ ಕಿಣ್ವಗಳೇ. ಆದರೆ ಈ ಕೆಲಸ ಮಿತಿಮೀರಿದರೆ ಧಮನಿಯ ಸ್ನಾಯುಕೋಶಗಳೂ ಒಳಕ್ಕೆ ನುಗ್ಗಿ ವೃದ್ಧಿಸಬಹುದು. ಒಳಪದರ ದಪ್ಪನಾಗಿ, ನಾಳ ಕಿರಿದಾಗಿ, ರಕ್ತದ ಹರಿವೇ ನಿಂತೀತು. ಕಿಣ್ವಗಳಿಗೆ ಕಡಿವಾಣ ಹಾಕುವ ಪ್ರೋಟೀನುಗಳನ್ನೂ ದೇಹವೇ ತಯಾರಿಸುತ್ತದೆ. ಕಡಿಯುವ ಮತ್ತು ತಡೆಯುವ ಈ ಎರಡು ಶಕ್ತಿಗಳ ಸಮತೋಲ ತಪ್ಪಿದರೆ, ಉಳಿಸಿಕೊಂಡೆವೆಂದುಕೊಂಡ ಕಾಲನ್ನೇ ಕಳೆದುಕೊಳ್ಳಬೇಕಾದೀತು.