ಅಮ್ಮನ ಫೋನು, ಮಗನ ಇಂಟರ್ನೆಟ್ಟು: ಕಣ್ಣಿಡೋದು ಹೇಗೆ?

ಮಕ್ಕಳು ಇಂಟರ್ನೆಟ್ಟಲ್ಲಿ ಏನು ಮಾಡ್ತಾರೆ ಅನ್ನೋದರ ಮೇಲೆ ಮನೆಯವರು ಹೇಗೆ ಕಣ್ಣಿಡಬೇಕು? ಇವತ್ತಿನ ಮಾತು ಅದರ ಬಗ್ಗೆ.

ನಾನು ಭಟ್ಕಳ ಹತ್ತಿರದ ಮುಟ್ಟಳ್ಳಿಯವನು. ಹೋದ ಮಳೆಗಾಲದಲ್ಲಿ ಊರಿಗೆ ಹೋದಾಗ ಅಕ್ಕ ತನ್ನ ಫೋನು ನನ್ನ ಕೈಗೆ ಕೊಟ್ಟು, "ತಮ್ಮಾ, ಇವ ಏನು ನೋಡ್ತಾ ಅಂತ ನಂಗೆ ಗೊತ್ತಾಗೋ ಹಾಗೆ ಒಂದು ಆ್ಯಪ್ ಹಾಕಿಕೊಡು. ಅವನಿಗೆ ಮಾತ್ರ ಗೊತ್ತಾಗ್ಬಾರ್ದು" ಅಂದಳು. ಮಗ ಎಂಟನೇ ಕ್ಲಾಸು. ಭಾವ ದುಬೈಯಲ್ಲಿ. ಸಂಜೆ ಮನೆಯಲ್ಲಿರೋದು ಇದೊಂದೇ ಫೋನು.

ಮೊದಲ ತೊಡಕು ಇಲ್ಲೇ. ಎಲ್ಲರೂ ಹೇಳೋದು ಗೂಗಲ್‌ನ ಫ್ಯಾಮಿಲಿ ಲಿಂಕ್ ಹಾಕಿ ಅಂತ. ಒಳ್ಳೇದೇ. ದಿನಕ್ಕೆ ಇಷ್ಟು ಹೊತ್ತು ಅಂತ ಮಿತಿ ಹಾಕಬಹುದು, ಹೊಸ ಆ್ಯಪ್ ಇಳಿಸೋಕೆ ನಿಮ್ಮ ಒಪ್ಪಿಗೆ ಬೇಕು ಅಂತ ಮಾಡಬಹುದು. ಆದರೆ ಮಗುವಿಗೆ ಅದರದೇ ಫೋನು, ಅದರದೇ ಖಾತೆ ಇದ್ದರೆ ಮಾತ್ರ ಅದು ಸರಿಯಾಗಿ ನಡೆಯೋದು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಮಗ ಬಳಸೋದು ಅಮ್ಮನ ಖಾತೆ. ಆ್ಯಪ್‌ಗಳ ಲೆಕ್ಕದಲ್ಲಿ ಅವನು ನಲವತ್ತು ವರ್ಷದ ಹೆಂಗಸು! 2023ರ ಡೇಟಾ ಸಂರಕ್ಷಣಾ ಕಾಯ್ದೆ 18 ತುಂಬದವರ ಮಾಹಿತಿ ಬಳಸೋಕೆ ಪೋಷಕರ ಒಪ್ಪಿಗೆ ಬೇಕು ಅನ್ನುತ್ತೆ. ಆಸ್ಟ್ರೇಲಿಯಾದಲ್ಲಿ 2025ರ ಡಿಸೆಂಬರ್ 10ರಿಂದ 16ರೊಳಗಿನವರು ಸಾಮಾಜಿಕ ಜಾಲತಾಣಗಳಲ್ಲಿ ಖಾತೆ ಇಟ್ಟುಕೊಳ್ಳೋ ಹಾಗಿಲ್ಲ. ಅಮ್ಮನ ಖಾತೆ ಹಿಂದೆ ಕೂತ ಹುಡುಗ ಇಂಥ ಕಾನೂನುಗಳ ಕಣ್ಣಿಗೆ ಬೀಳೋದು ಕಷ್ಟ.

ಹಾಗಾದ್ರೆ ಒಂದೇ ಫೋನಿದ್ದರೆ ಏನು ಮಾಡೋದು? ಪ್ಲೇ ಸ್ಟೋರ್ ಸೆಟ್ಟಿಂಗ್ಸ್‌ನಲ್ಲಿ ಪೇರೆಂಟಲ್ ಕಂಟ್ರೋಲ್ಸ್ ಅಂತ ಇದೆ. ಪಿನ್ ಹಾಕಿ ವಯಸ್ಸಿನ ಮಿತಿ ಇಡಬಹುದು. ಆ್ಯಪ್ ಪಿನ್ನಿಂಗ್ ಅನ್ನೋದೂ ಬಹಳ ಆಂಡ್ರಾಯ್ಡ್ ಫೋನುಗಳಲ್ಲಿದೆ. ಪಾಠದ ಆ್ಯಪ್ ಪಿನ್ ಮಾಡಿ ಕೊಟ್ಟರೆ, ಲಾಕ್ ಗೊತ್ತಿಲ್ಲದೆ ಬೇರೆ ಕಡೆ ಹೋಗೋಕಾಗಲ್ಲ. ಯೂಟ್ಯೂಬ್‌ನ ರಿಸ್ಟ್ರಿಕ್ಟೆಡ್ ಮೋಡನ್ನು ಮಾತ್ರ ಪೂರ್ತಿ ನಂಬಬೇಡಿ, ಅದೇ ಫೋನಲ್ಲಿ ಮಕ್ಕಳೇ ಅದನ್ನು ಆಫ್ ಮಾಡಿಬಿಡಬಹುದು.

ಇನ್ನು ಲಾಕ್ ಗೊತ್ತಿಲ್ಲದ ಮಕ್ಕಳು ಎಲ್ಲಿದ್ದಾರೆ ಹೇಳಿ? ಅಕ್ಕನಿಗೆ ಹಣ ಕಳಿಸೋದು ಕಲಿಸಿದ್ದೇ ಮಗ. ಯುಪಿಐ ಪಿನ್ನೂ ಅವನಿಗೆ ಬಾಯಿಪಾಠ. ಬದಲಾಯಿಸಿ ಬಂದೆ. ಮೂರನೇ ದಿನ ಅಕ್ಕನ ಫೋನು: "ಹೊಸದು ಮರ್ತೋಯ್ತು ಮಾರಾಯ."

ಗುಟ್ಟಿನ ಆ್ಯಪ್ ಮಾತ್ರ ನಾನು ಹಾಕಲಿಲ್ಲ. ಅಂಥ ಕೆಲವು ಆ್ಯಪ್‌ಗಳು ಫೋನಿನ ಮೆಸೇಜು, ಫೋಟೋ ಎಲ್ಲವನ್ನೂ ಯಾರದೋ ಸರ್ವರಿಗೆ ಕಳಿಸುತ್ತವೆ. ಇದು ಅಕ್ಕನ ಬ್ಯಾಂಕ್ ಇರೋ ಫೋನು ಬೇರೆ. ಅದಕ್ಕಿಂತ ದೊಡ್ಡ ಕಾರಣ ಆ ರಾತ್ರಿಯೇ ಗೊತ್ತಾಯ್ತು.

ಹುಡುಗನನ್ನು ಜಗಲಿಯಲ್ಲಿ ಕೂರಿಸಿಕೊಂಡು, "ಏನೇ ಹೇಳಿದ್ರೂ ಫೋನು ಕಿತ್ತುಕೊಳ್ಳಲ್ಲ" ಅಂದೆ. ಸುಮಾರು ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ: ಆನ್‌ಲೈನ್ ಆಟದಲ್ಲಿ ಪರಿಚಯವಾದ ಒಬ್ಬ ವಾಟ್ಸ್ಯಾಪಿಗೆ ಬಾ ಅಂತ ಕರೆದು, ಶರ್ಟ್ ಇಲ್ಲದ ಫೋಟೋ ಕಳಿಸು ಅಂತಿದ್ದಾನೆ. ಇವ ಕಳಿಸಿರಲಿಲ್ಲ. ಒಂದು ತಿಂಗಳಿಂದ ಯಾರಿಗೂ ಹೇಳಿಯೂ ಇರಲಿಲ್ಲ. ಯಾಕೆ? "ಅಮ್ಮ ಫೋನು ಮುಟ್ಟೋಕೇ ಬಿಡಲ್ಲ ಅಂತ." ಬೆದರಿಸೋರಿಗೆ ಬೇಕಾಗಿರೋದೂ ಈ ಹೆದರಿಕೆಯೇ. ವಾಟ್ಸ್ಯಾಪ್ ಮೆಸೇಜನ್ನು ಫ್ಯಾಮಿಲಿ ಲಿಂಕ್ ಓದೋದಿಲ್ಲ, ಹಾಗಾಗಿ ಅದು ಹಾಕಿದ್ದರೂ ಇದು ತಿಳಿಯುತ್ತಿರಲಿಲ್ಲ.

ಅಕಸ್ಮಾತ್ ಫೋಟೋ ಹೋಗಿಬಿಟ್ಟಿದ್ದರೆ? ದುಡ್ಡು ಕೇಳಿದರೆ ಕೊಡಬೇಡಿ. ಸಿಟ್ಟಲ್ಲಿ ಚಾಟ್ ಅಳಿಸಬೇಡಿ. ಅವನ ನಂಬರು, ಖಾತೆಯ ಹೆಸರು, ಬೆದರಿಕೆಯ ಮಾತು ಸ್ಕ್ರೀನ್‌ಶಾಟ್ ತೆಗೆದಿಡಿ. ಮಗುವಿನ ಆ ಫೋಟೋವನ್ನು ಮಾತ್ರ ಮೇಷ್ಟ್ರಿಗೆ ತೋರಿಸೋಕೆ ಅಂತಲೂ ಫಾರ್ವರ್ಡ್ ಮಾಡಬೇಡಿ. ಮಕ್ಕಳ ಅಶ್ಲೀಲ ಚಿತ್ರ ಹರಡೋದು ಐಟಿ ಕಾಯ್ದೆಯ 67ಬಿ ಪ್ರಕಾರ ಅಪರಾಧ. ಮಕ್ಕಳ ಸಹಾಯವಾಣಿ 1098, ಹಣ ಹೋಗಿದ್ದರೆ ಕೂಡಲೇ 1930. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಮಕ್ಕಳ ಅಶ್ಲೀಲ ಚಿತ್ರದ ದೂರನ್ನು ಹೆಸರು ಹೇಳದೆಯೂ ಕೊಡಬಹುದು. ಟೇಕ್ ಇಟ್ ಡೌನ್ ಅನ್ನೋ ಉಚಿತ ಸೇವೆಯೂ ಇದೆ. ಅಲ್ಲಿ ಫೋಟೋ ಫೋನಿನಿಂದ ಹೊರಗೆ ಹೋಗಲ್ಲ, ಅದರ ಬೆರಳಚ್ಚಿನಂಥ ಒಂದು ಸಂಕೇತ ಮಾತ್ರ ಹೋಗುತ್ತೆ. ಸೇವೆಗೆ ಸೇರಿದ ಜಾಲತಾಣಗಳು ಅದನ್ನಿಟ್ಟುಕೊಂಡು ಹುಡುಕಿ ತೆಗೆಯುತ್ತವೆ.

ನಮ್ಮ ಹುಡುಗನ ವಿಷಯದಲ್ಲಿ ಅಷ್ಟು ದೂರ ಹೋಗಲಿಲ್ಲ. ಮೂವರೂ ಕೂತು ಸ್ಕ್ರೀನ್‌ಶಾಟ್ ತೆಗೆದು, ರಿಪೋರ್ಟ್ ಮಾಡಿ, ಬ್ಲಾಕ್ ಮಾಡಿದೆವು. ಅಕ್ಕನಿಗೆ ಅಷ್ಟೇನು ಇಷ್ಟವಿರಲಿಲ್ಲ, ಆದರೂ ಫೋನು ಅವತ್ತೇ ಅವನ ಕೈಗೆ ವಾಪಸ್ ಹೋಯ್ತು.